ಸೋಮಾರಿತನವೂ ಒಂದು ಗುಣವೇ: ಪೋಕೆಮಾನ್ ಎಬಿಲಿಟಿಗಳ ಕಥೆ

ವಿಷಯ ಎಬಿಲಿಟಿ. ಅಂದ್ರೆ, ಪ್ರತಿ ಪೋಕೆಮಾನ್‌ಗೂ ಇರುವ ಒಂದು ವಿಶೇಷ ಗುಣ. ಅದನ್ನು ನೀವು ಬಟನ್ ಒತ್ತಿ ಬಳಸಬೇಕಿಲ್ಲ, ಸಂದರ್ಭ ಬಂದಾಗ ತಾನೇ ಕೆಲಸ ಮಾಡುತ್ತೆ. ಜಪಾನಿ ಭಾಷೆಯಲ್ಲಿ ಇದಕ್ಕೆ ‘ತೊಕುಸೇ’ ಅಂತಾರೆ, ವಿಶೇಷ ಲಕ್ಷಣ ಅಂತ ಅರ್ಥ. ಎಬಿಲಿಟಿ ಅನ್ನೋದಕ್ಕಿಂತ ನನಗೆ ಈ ಪದವೇ ಸರಿ ಅನ್ಸುತ್ತೆ. ಲಕ್ಷಣ ಯಾವಾಗಲೂ ಒಳ್ಳೇದೇ ಆಗಿರಬೇಕು ಅಂತೇನಿಲ್ಲವಲ್ಲ.

ಇದು ಇಲ್ಲದ ಕಾಲವನ್ನು ಮೊದಲು ನೋಡೋಣ. 1996ರ ಫೆಬ್ರವರಿಯಲ್ಲಿ ಜಪಾನಿನ ಗೇಮ್ ಫ್ರೀಕ್ ಕಂಪನಿಯ ‘ರೆಡ್’ ಮತ್ತು ‘ಗ್ರೀನ್’ ಬಂದಾಗ, ಪೋಕೆಮಾನ್ ಅಂದ್ರೆ ಅದರ ಟೈಪ್, ಐದು ಅಂಕಿ, ನಾಲ್ಕು ಮೂವ್. ಅಷ್ಟೇ. ಕಾಫಿಂಗ್ ಅಂತ ಒಂದಿದೆ, ಗಾಳಿಯಲ್ಲಿ ತೇಲುವ ವಿಷಾನಿಲದ ಚೆಂಡು. ಅದರ ಮೇಲೆ ಭೂಕಂಪದ ದಾಳಿ ಮಾಡಿದ್ರೆ ದುಪ್ಪಟ್ಟು ಏಟು! ನೆಲಕ್ಕೇ ತಾಗದವನಿಗೆ ಭೂಕಂಪ ಹೇಗೆ ತಟ್ಟುತ್ತೆ? ವಿಷದ ಟೈಪ್‌ಗೆ ನೆಲದ ಟೈಪ್ ಮಾರಕ ಅಂತ ಕೋಷ್ಟಕ ಹೇಳ್ತಿತ್ತು. ಕೋಷ್ಟಕ ಹೇಳಿದ ಮೇಲೆ ಮುಗೀತು.

2002ರ ನವೆಂಬರ್ 21ಕ್ಕೆ ಜಪಾನಿನಲ್ಲಿ ‘ರೂಬಿ’ ಮತ್ತು ‘ಸಫೈರ್’ ಬಂದವು. ಎಬಿಲಿಟಿ ಶುರುವಾಗಿದ್ದು ಅಲ್ಲಿಂದ. ಕಾಫಿಂಗ್‌ಗೆ ‘ಲೆವಿಟೇಟ್’ ಸಿಕ್ತು, ಭೂಕಂಪ ಇನ್ನು ಅದಕ್ಕೆ ತಟ್ಟಲ್ಲ. ಪಿಕಾಚುವನ್ನು ಮುಟ್ಟಿ ಹೊಡೆದವರಿಗೆ ಆಗೀಗ ಕರೆಂಟ್ ತಗುಲಿ ಕೈಕಾಲು ಮರಗಟ್ಟೋಕೆ ಶುರುವಾಯ್ತು. ಚಿತ್ರದಲ್ಲಿದ್ದ ಸ್ವಭಾವ ಆಟಕ್ಕೂ ಇಳೀತು. (ಪೂರ್ತಿ ಅಲ್ಲ ಬಿಡಿ. ಆಯಸ್ಕಾಂತದ ಮ್ಯಾಗ್ನೆಟಾನ್ ಕೂಡ ತೇಲ್ತಾನೇ ಇರುತ್ತೆ, ಅದಕ್ಕೆ ಲೆವಿಟೇಟ್ ಕೊಡಲೇ ಇಲ್ಲ. ಪಾಪ.)

ಆದ್ರೆ ನನ್ನ ಪ್ರಕಾರ ಆ ವರ್ಷದ ನಿಜವಾದ ಹೊಸತನ ಸ್ಲೇಕಿಂಗ್. ಅಂಕಿಗಳನ್ನೆಲ್ಲ ಕೂಡಿಸಿದ್ರೆ 670. ಅದೇ ಆಟಗಳ ಮುಖಪುಟದಲ್ಲಿರುವ ದೈತ್ಯರಾದ ಗ್ರೌಡಾನ್, ಕಯೋಗರ್‌ಗೂ ಅಷ್ಟೇ 670. ಅವು ಇಡೀ ಆಟದಲ್ಲಿ ಒಂದೇ ಒಂದು ಸಿಗುವಂಥವು. ಸ್ಲೇಕಿಂಗ್ ಮಾತ್ರ ಕಾಡಿನಲ್ಲಿ ಸಿಗೋ ಸ್ಲೇಕಾತ್ ಅನ್ನೋ ಮಾಮೂಲಿ ಪ್ರಾಣಿ ಬೆಳೆದು ಆಗುವಂಥದ್ದು. ಹಾಗಾದ್ರೆ ಎಲ್ಲರೂ ಅದನ್ನೇ ಸಾಕಬೇಕಿತ್ತು ಅಲ್ವಾ? ಇಲ್ಲ. ಯಾಕಂದ್ರೆ ಅದರ ಎಬಿಲಿಟಿ ‘ಟ್ರೂಅಂಟ್’, ಸೋಮಾರಿತನ. ಒಂದು ಸರದಿ ಹೊಡೆಯುತ್ತೆ, ಮುಂದಿನ ಸರದಿ ಸುಮ್ಮನೆ ಬಿದ್ದಿರುತ್ತೆ. ತಮಾಷೆ ಏನಂದ್ರೆ, ನಡುವಿನ ರೂಪವಾದ ವಿಗೊರಾತ್‌ನ ಗುಣ ಇದಕ್ಕೆ ಪೂರ್ತಿ ಉಲ್ಟಾ: ಅದಕ್ಕೆ ನಿದ್ದೇನೇ ಬರಲ್ಲ.

ಆಟದಲ್ಲಿ ನಿಮ್ಮ ಪಾತ್ರದ ಅಪ್ಪನೇ, ಅಂದ್ರೆ ಜಿಮ್ ನಾಯಕ ನಾರ್ಮನ್, ಈ ಸ್ಲೇಕಿಂಗ್ ಹಿಡ್ಕೊಂಡು ಎದುರು ನಿಲ್ತಾನೆ. ಬಲದಿಂದ ಗೆಲ್ಲೋದು ಕಷ್ಟ. ಅದು ಹೊಡೆಯುವ ಸರದಿಯಲ್ಲಿ ‘ಪ್ರೊಟೆಕ್ಟ್’ ಹಾಕಿ ಅಡ್ಡ ನಿಲ್ಲಿ, ಅದು ಮಲಗಿದಾಗ ಹೊಡೀರಿ. ಎಷ್ಟೋ ಮಕ್ಕಳು ಎದುರಾಳಿಯ ಶಕ್ತಿಯನ್ನಲ್ಲ, ಸ್ವಭಾವವನ್ನು ಓದೋಕೆ ಕಲಿತದ್ದು ಇಲ್ಲೇ ಇರಬೇಕು.

ದೋಷವನ್ನೇ ಆಯುಧ ಮಾಡಿಕೊಳ್ಳುವುದಕ್ಕೂ ದಾರಿ ಬಂತು. ‘ಬ್ಲ್ಯಾಕ್’ ಮತ್ತು ‘ವೈಟ್’ ಪೀಳಿಗೆಯಲ್ಲಿ, ಅದು ಶುರುವಾಗಿದ್ದು 2010ರಲ್ಲಿ, ಡ್ಯುರಂಟ್ ಅನ್ನೋ ಕಬ್ಬಿಣದ ಇರುವೆ ಬಂತು. ಅದರ ಗುಪ್ತ ಎಬಿಲಿಟಿ ಏನು ಗೊತ್ತಾ? ಅದೇ ಟ್ರೂಅಂಟ್. ಇರುವೆಗೆ ಸೋಮಾರಿತನ! ಜೊತೆಗೆ ತನ್ನ ಗುಣವನ್ನು ಎದುರಾಳಿಗೆ ಅಂಟಿಸುವ ‘ಎಂಟ್ರೇನ್‌ಮೆಂಟ್’ ಅನ್ನೋ ಮೂವ್ ಕೂಡ ಇತ್ತು. ಇರುವೆ ಬಂದು ಸೋಮಾರಿತನ ಅಂಟಿಸುತ್ತೆ, ಹಿಂದೆ ಸರಿಯುತ್ತೆ. ಆಮೇಲೆ ಬಂದ ಜೊತೆಗಾರ ಒಂದು ಸರದಿ ರಕ್ಷಣೆ, ಇನ್ನೊಂದು ಸರದಿ ಬಲವರ್ಧನೆ ಮಾಡ್ಕೊಂಡು ಆರಾಮಾಗಿ ಗೆಲ್ಲುತ್ತೆ. ಕಂಪ್ಯೂಟರ್ ಎದುರಾಳಿಗಳ ‘ಬ್ಯಾಟಲ್ ಸಬ್‌ವೇ’ಯಲ್ಲಿ ಇದು ಹೆಸರಾಂತ ತಂತ್ರ.

ಅದೇ ಪೀಳಿಗೆ ಒಂದು ಅವಾಂತರವನ್ನೂ ತಂತು. 2002ರಿಂದ ಕಾಲಿಟ್ಟ ಕೂಡಲೇ ಮಳೆ ತರಿಸೋ ‘ಡ್ರಿಜಲ್’ ಇದ್ದದ್ದು ಕಯೋಗರ್‌ಗೆ ಮಾತ್ರ. ಆ ಮಳೆ ತಾನಾಗಿ ನಿಲ್ಲಲ್ಲ, ನೀರಿನ ದಾಳಿಗಳ ಬಲ ಒಂದೂವರೆ ಪಟ್ಟು. ಈಗ ಅದೇ ಗುಣ ಪಾಲಿಟೋಡ್ ಅನ್ನೋ ಕಪ್ಪೆಗೂ ಸಿಕ್ತು. 1999ರಿಂದ ಮೂಲೆಯಲ್ಲಿದ್ದ ಕಪ್ಪೆ ಏಕಾಏಕಿ ತಂಡದ ಕೇಂದ್ರ! ಕಪ್ಪೆ ಬಂದ್ರೆ ಮಳೆ ಅನ್ನೋದು ನಮ್ಮ ಹಳ್ಳಿಗಳಲ್ಲೂ ಕೇಳೋ ಮಾತೇ. ಆದ್ರೆ ಮಳೆಯಲ್ಲಿ ವೇಗ ದುಪ್ಪಟ್ಟಾಗುವ ‘ಸ್ವಿಫ್ಟ್ ಸ್ವಿಮ್’ ಇರುವವರು ಜೊತೆ ಸೇರಿದಾಗ ಮಳೆ ತಂಡದ ಎದುರು ಉಳಿದವರು ನಿಲ್ಲೋದೇ ಕಷ್ಟವಾಯ್ತು. ಒಬ್ಬನಿಗೆ ಸಿಕ್ಕ ನ್ಯಾಯ ಹತ್ತು ಜನರಿಗೆ ಅನ್ಯಾಯ.

ಆಗ ತೀರ್ಪು ಕೊಟ್ಟಿದ್ದು ಕಂಪನಿಯಲ್ಲ, ಆಟಗಾರರು. ಸ್ಮೋಗನ್ ಅನ್ನೋ ಆಟಗಾರರ ಸಮುದಾಯ ತನ್ನ ಪಂದ್ಯಗಳಿಗೆ ನಿಯಮ ಮಾಡಿತು: ಒಂದೇ ತಂಡದಲ್ಲಿ ಡ್ರಿಜಲ್, ಸ್ವಿಫ್ಟ್ ಸ್ವಿಮ್ ಎರಡೂ ಬೇಡ. ಕಪ್ಪೆಯನ್ನು ಹೊರಗೆ ಹಾಕಲಿಲ್ಲ ನೋಡಿ, ಜೋಡಿಯನ್ನು ಮಾತ್ರ ತಡೆದರು. ನನಗೆ ಇದು ಬಹಳ ಜಾಣತನದ ತೀರ್ಪು ಅನ್ಸುತ್ತೆ. 2013ರ ‘ಎಕ್ಸ್’ ಮತ್ತು ‘ವೈ’ನಲ್ಲಿ ಕಂಪನಿಯೇ ಎಬಿಲಿಟಿಯ ಮಳೆಯನ್ನು ಐದು ಸರದಿಗೆ ಇಳಿಸಿತು.

ನಿಮ್ಮಲ್ಲಿ ಹೆಚ್ಚಿನವರು ಆಡಿರೋದು ಫೋನಿನ ಪೋಕೆಮಾನ್ ಗೋ ಇರಬಹುದು, 2016ರ ಡಿಸೆಂಬರ್‌ನಲ್ಲಿ ಭಾರತಕ್ಕೆ ಬಂದದ್ದು. ಅದರಲ್ಲಿ ಎಬಿಲಿಟಿಗಳೇ ಇಲ್ಲ. ಹಾಗಾದ್ರೆ ಸ್ಲೇಕಿಂಗ್ ಕಥೆ? ಸೋಮಾರಿತನ ತೆಗೆದ್ರೆ ಅದು ಎಲ್ಲರನ್ನೂ ಚಚ್ಚಿ ಹಾಕ್ತಿತ್ತು. ಅದಕ್ಕೇ ಅದರ ವೇಗದ ಮೂವ್ ಆಗಿ ಕೊಟ್ಟಿದ್ದು ಆಕಳಿಕೆ, ಹಾನಿ ಸೊನ್ನೆ. ಸಿಪಿ ನಾಲ್ಕು ಸಾವಿರ ದಾಟಿದ ಸ್ಲೇಕಿಂಗ್ ಜಿಮ್ ಕಾಯ್ತಾ ಕೂತಿರೋದು ನೋಡಿ ಬೆಚ್ಚಿಬಿದ್ದು ಒಳಗೆ ಹೋದವರಿಗೆ ಕಾಣ್ತಿದ್ದದ್ದು ಏನು ಅಂದ್ರೆ, ಅದು ಕೂತು ಆಕಳಿಸ್ತಾ ಇತ್ತು.