ನೆಲಕ್ಕೆ ಕೂತ ಪ್ರೊಫೆಸರ್

ಬಿ.ಎ. ಪಾಸಾದ ವರ್ಷ ಓಣಿಯ ಆಯಿಯೊಬ್ಬಳು ನಮ್ಮನ್ನು ತಡೆದು ಕೇಳಿದಳು. "ಏನು ಓದೀರಿ ತಮ್ಮಾ?" ಇತಿಹಾಸ ಅಂದೆವು. "ರಾಜರ ಕತಿ ಏನು? ನಮ್ಮ ಕತಿ ಯಾವ ಪುಸ್ತಕದಾಗ ಅದ?" ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಕಮಲಾಪುರದ ಕಡೆಯ ಹೊಲಗಳಲ್ಲಿ ಕೂಲಿ ಮಾಡಿ, ಕಲಬುರಗಿಯ ರೋಜಾಕ್ಕೆ ಬಂದು ನಿಂತ ಮನೆಗಳ ಮಕ್ಕಳು ನಾವು. ಹೆಬ್ಬೆಟ್ಟು ಒತ್ತುವ ಜಾಗದಲ್ಲಿ ಸಹಿ ಹಾಕಿದವರು ನಮ್ಮ ಮನೆಗಳಲ್ಲಿ ನಾವೇ ಮೊದಲು. 1347ರಿಂದ ಹಿಡಿದು ಬಹಮನಿ ಸುಲ್ತಾನರ ಹೆಸರು ಬಾಯಿಪಾಠ ಮಾಡಿದೆವು. ಕೋಟೆಗೆ ಕಲ್ಲು ಹೊತ್ತವರ ಒಂದು ಹೆಸರೂ ಅದರಲ್ಲಿ ಇರಲಿಲ್ಲ. ಆಫ್ರಿಕಾ ಅಂದರೆ ಕತ್ತಲೆಯ ಖಂಡ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದರು. ಅವರಿಗೂ ನಮಗೂ ಒಂದೇ ಲೇಖನಿ ಒಂದೇ ತೀರ್ಪು ಬರೆದಿತ್ತು: ಇವರಿಗೆ ಇತಿಹಾಸವಿಲ್ಲ.

ಆ ತೀರ್ಪನ್ನು ಹರಿದು ಹಾಕಿದ ಒಬ್ಬ ಪ್ರೊಫೆಸರ್ ಇದ್ದ. ಹೆಸರು ವಾಲ್ಟರ್ ರಾಡ್ನಿ. ಅವನ ಮಾತು ಆಡೋಣ ಗೆಳೆಯರೇ.

ದಕ್ಷಿಣ ಅಮೆರಿಕದಲ್ಲಿ ಗಯಾನಾ ಅಂತ ಒಂದು ದೇಶ. ಬ್ರಿಟಿಷರು ಕಬ್ಬಿನ ತೋಟ ಮಾಡಿಕೊಂಡಿದ್ದ ನೆಲ. ಅದರ ರಾಜಧಾನಿ ಜಾರ್ಜ್‌ಟೌನಿನಲ್ಲಿ 1942ರಲ್ಲಿ ರಾಡ್ನಿ ಹುಟ್ಟಿದ. ಅಪ್ಪ ದರ್ಜಿ, ಅವ್ವನೂ ಬಟ್ಟೆ ಹೊಲಿಯುವವಳು. ಸ್ಕಾಲರ್‌ಶಿಪ್ಪಿನ ಮೇಲೆ ಓದಿದ ಹುಡುಗ 1963ರಲ್ಲಿ ಜಮೈಕಾದ ವಿಶ್ವವಿದ್ಯಾಲಯದಲ್ಲಿ ಇತಿಹಾಸದಲ್ಲಿ ಮೊದಲ ದರ್ಜೆ ಪಡೆದ. 1966ರಲ್ಲಿ, 24ನೇ ವಯಸ್ಸಿಗೆ, ಲಂಡನ್ನಿನಲ್ಲಿ ಡಾಕ್ಟರೇಟು ಮುಗಿಸಿದ.

ಅವನು ಆರಿಸಿಕೊಂಡದ್ದು ಪಶ್ಚಿಮ ಆಫ್ರಿಕದ ಗಿನಿ ಕರಾವಳಿಯ ಇತಿಹಾಸ, 1545ರಿಂದ 1800ರವರೆಗಿನದು. ಗುಲಾಮರನ್ನು ಮಾರಿದವರ ಕಾಗದ ಓದಲಿಕ್ಕೆ ಪೋರ್ಚುಗೀಸ್ ಭಾಷೆ ಕಲಿತ. ಅಲ್ಲಿ ಗುಲಾಮಗಿರಿ ಮೊದಲೇ ಇತ್ತು, ಬಿಳಿಯರು ಮಾರಲಿಕ್ಕಿಟ್ಟದ್ದನ್ನು ಕೊಂಡರು ಅಷ್ಟೇ ಎಂದು ಪಂಡಿತರು ಹೇಳುತ್ತಿದ್ದರು. ಈ ಮಾತು ನಮಗೆ ಹೊಸದೇನು? "ಮೊದಲಿನಿಂದ ಹಂಗೇ ನಡಕೊಂಡು ಬಂದದ" ಎಂದು ಎಷ್ಟು ಸಲ ಕೇಳಿಲ್ಲ! ರಾಡ್ನಿ ಅವರದೇ ಕಾಗದಗಳಿಂದ ತೋರಿಸಿದ: ಆ ಕರಾವಳಿಯಲ್ಲಿ ಗುಲಾಮಗಿರಿಯನ್ನು ಬೆಳೆಸಿದ್ದೇ ಕಡಲಾಚೆಯ ವ್ಯಾಪಾರ. ಹಾಗಂತ ತನ್ನವರ ತಪ್ಪು ಮುಚ್ಚಿಡಲಿಲ್ಲ. ತಮ್ಮ ಜನರನ್ನೇ ಹಿಡಿದು ಮಾರಿದ ಕರಿಯ ಅರಸರನ್ನೂ ಅದೇ ಪುಸ್ತಕದಲ್ಲಿ ನಿಲ್ಲಿಸಿದ. ಚರ್ಮ ಒಂದಾದ ಮಾತ್ರಕ್ಕೆ ಹಿತ ಒಂದಾಗುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

1968ರಲ್ಲಿ ಜಮೈಕಾಕ್ಕೆ ಪಾಠ ಹೇಳಲು ಬಂದ. ಪಾಠ ಕ್ಲಾಸಿನಲ್ಲಿ ನಿಲ್ಲಲಿಲ್ಲ. ಕಿಂಗ್ಸ್‌ಟನ್ನಿನ ಕೊಳೆಗೇರಿಗೆ, ಚರಂಡಿಯ ದಂಡೆಗೆ, ಎಲ್ಲಿ ಜನ ಇದ್ದರೋ ಅಲ್ಲಿಗೆ ಹೋಗಿ ಕೂತ. ಆಫ್ರಿಕದ ಕತೆ ಹೇಳಿದ, ಅವರ ಕತೆ ಕೇಳಿದ. ಇದಕ್ಕೆ ಅಲ್ಲಿನ ಜನ 'ಗ್ರೌಂಡಿಂಗ್' ಅಂದರು. ನಮ್ಮ ಮಾತಿನಲ್ಲಿ ನೆಲಕ್ಕೆ ಕೂಡೋದು. ಮೇಷ್ಟ್ರು ನೆಲಕ್ಕೆ ಕೂತರೆ ಸರ್ಕಾರಕ್ಕೆ ಯಾಕೆ ನಡುಕ? ಅದೇ ವರ್ಷ ಅಕ್ಟೋಬರ್ 15ರಂದು, ಹೊರದೇಶದ ಸಭೆ ಮುಗಿಸಿ ಬಂದವನನ್ನು ವಿಮಾನದಿಂದ ಕೆಳಗೇ ಇಳಿಸಲಿಲ್ಲ. ಮರುದಿನ ವಿದ್ಯಾರ್ಥಿಗಳೂ ಬಡವರೂ ಬೀದಿಗೆ ಬಂದರು. ಊರು ಹೊತ್ತಿ ಉರಿಯಿತು.

ಮೊದಲೊಮ್ಮೆ ಪಾಠ ಹೇಳಿದ್ದ ತಾಂಜಾನಿಯಾಕ್ಕೇ ಮರಳಿ ಹೋದ. 1969ರಿಂದ 1974ರವರೆಗೆ ದಾರ್ ಎಸ್ ಸಲಾಮಿನಲ್ಲಿ ಕಲಿಸಿದ. 1972ರಲ್ಲಿ ಅವನ ದೊಡ್ಡ ಪುಸ್ತಕ ಬಂತು: ಯುರೋಪು ಆಫ್ರಿಕವನ್ನು ಹಿಂದುಳಿಸಿದ್ದು ಹೇಗೆ ಎಂಬುದರ ಲೆಕ್ಕ. ಹಿಂದುಳಿಯುವುದು ಹುಟ್ಟುಗುಣವಲ್ಲ, ಅದು ಮಾಡಿದ್ದು. ರೈಲುಹಳಿ ಗಣಿಯಿಂದ ಬಂದರಿಗೆ ಹೋಯಿತು, ಹಳ್ಳಿಯಿಂದ ಹಳ್ಳಿಗೆ ಹೋಗಲಿಲ್ಲ. ಶಾಲೆ ಗುಮಾಸ್ತರನ್ನು ತಯಾರು ಮಾಡಿತು. ಇದನ್ನು ಓದುವಾಗ ನಮಗೆ ನಮ್ಮ ಜಿಲ್ಲೆಯೇ ಕಂಡಿತು. ಶಹಾಬಾದಿನ ಫರಸಿ ಊರೂರಿನ ಮನೆಗಳಿಗೆ ನೆಲವಾಯಿತು, ಕಲ್ಲು ಒಡೆದವನ ಮನೆಗೆ ಸಗಣಿ ಸಾರಿಸಿದ ಮಣ್ಣೇ ಉಳಿಯಿತು. ತೊಗರಿಯ ಕಣಜ ಅನ್ನುತ್ತಾರೆ. ರಾಶಿ ಮಾಡಿದವರ ಗಡಿಗೆಯಲ್ಲಿ ಬೇಳೆ ಎಷ್ಟು?

1974ರಲ್ಲಿ ಗಯಾನಾದ ವಿಶ್ವವಿದ್ಯಾಲಯ ಅವನನ್ನು ಪ್ರೊಫೆಸರನನ್ನಾಗಿ ನೇಮಿಸಿತು. ಬರ್ನಮ್ಮನ ಆಳ್ವಿಕೆ ಆ ಕುರ್ಚಿ ಕಸಿಯಿತು. ಬೇರೆ ದೇಶದಲ್ಲಿ ಕುರ್ಚಿ ಸಿಗುತ್ತಿರಲಿಲ್ಲವೇ? ಸಿಗುತ್ತಿತ್ತು. ಅವನು ಊರಲ್ಲೇ ಉಳಿದ. ಅಲ್ಲಿ ಎರಡು ಜನ: ಆಫ್ರಿಕದಿಂದ ಹಿಡಿದು ತಂದ ಗುಲಾಮರ ಮಕ್ಕಳು, ಮತ್ತು 1838ರಿಂದ 1917ರವರೆಗೆ ಹಿಂದೂಸ್ತಾನದಿಂದ ಒಯ್ದ ಎರಡು ಲಕ್ಷಕ್ಕೂ ಮೇಲಿನ ಕರಾರು ಕೂಲಿಗಳ ಮಕ್ಕಳು. ಒಂದೇ ಕಬ್ಬಿನ ಗದ್ದೆಯಲ್ಲಿ ಬೆನ್ನು ಮುರಿದವರನ್ನು ಓಟಿಗಾಗಿ ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿದ್ದರು. ಇಬ್ಬರನ್ನೂ ಒಂದು ಪಕ್ಷದಲ್ಲಿ ಕೂಡಿಸಲು ರಾಡ್ನಿ ದುಡಿದ. ಅವರಿಬ್ಬರ ಇತಿಹಾಸ ಬರೆದ. ಮಕ್ಕಳಿಗಾಗಿ ಆಫ್ರಿಕದಿಂದ ಬಂದ ಕೋಫಿಯ ಕತೆ, ಭಾರತದಿಂದ ಬಂದ ಲಕ್ಷ್ಮಿಯ ಕತೆಯನ್ನೂ ಬರೆದ.

1980ರ ಜೂನ್ 13ರಂದು, ವಾಕಿಟಾಕಿಯಲ್ಲಿ ಅಡಗಿಸಿಟ್ಟ ಬಾಂಬು ಅವನನ್ನು ಕೊಂದಿತು. ವಯಸ್ಸು 38. ಪ್ರಭುತ್ವದ ಕೈವಾಡವಿತ್ತೆಂದು ವಿಚಾರಣಾ ಆಯೋಗ ಹೇಳಲಿಕ್ಕೆ 2016 ಬರಬೇಕಾಯಿತು.

ಅದೇ 1980ರಲ್ಲಿ ನಮ್ಮ ಊರಿಗೆ ವಿಶ್ವವಿದ್ಯಾಲಯ ಬಂತು. ಅದರಿಂದಲೇ ನಮ್ಮಂಥವರ ಕೈಗೆ ಡಿಗ್ರಿ ಎಟುಕಿತು. ಈಗ ನಮ್ಮನ್ನೇ ನಾವು ಕೇಳಿಕೊಳ್ಳಬೇಕು. ಡಿಗ್ರಿ ಅಂದರೆ ಓಣಿ ಬಿಟ್ಟು ಹೋಗುವ ಟಿಕೆಟ್ಟೇನು? ನೌಕರಿ ಸಿಕ್ಕೊಡನೆ ಹೆಸರಿನ ತುದಿ ಕತ್ತರಿಸಿ, ಬಾಡಿಗೆ ಮನೆಗಾಗಿ ಜಾತಿ ನುಂಗಿ, ಅವ್ವನನ್ನು ಗೆಳೆಯರಿಗೆ ತೋರಿಸಲು ನಾಚಿದವರು ನಮ್ಮಲ್ಲಿಲ್ಲವೇ? ಕಪ್ಪು ಕೂಸನ್ನು 'ಹಬ್ಶಿ' ಎಂದು ನಕ್ಕವರೂ ನಾವೇ. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ, ಅಹಮದ್‌ನಗರದ ಆಡಳಿತವನ್ನೇ ಹಿಡಿದ ಮಲಿಕ್ ಅಂಬರ್ ಹಬ್ಶಿ. ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ಕನ್ನಡ, ಕೊಂಕಣಿ ಆಡುವ ಸಿದ್ದಿಗಳ ಹಿರಿಯರೂ ಆಫ್ರಿಕದವರೇ. ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲು 2003ರವರೆಗೆ ಕಾಯಿಸಿದರು. ಜೋತಿಬಾ ಫುಲೆ 1873ರಲ್ಲೇ ತಮ್ಮ 'ಗುಲಾಮಗಿರಿ'ಯನ್ನು ಕರಿಯರ ಬಿಡುಗಡೆಗೆ ದುಡಿದ ಅಮೆರಿಕದವರಿಗೆ ಅರ್ಪಿಸಿದ್ದರು. ಹಿರಿಯರು ಕಂಡ ನಂಟು ನಮಗೆ ಯಾಕೆ ಕಾಣಲಿಲ್ಲ?

ಆಯಿ ಇನ್ನೂ ಕಟ್ಟೆಯ ಮೇಲೆ ಕೂಡುತ್ತಾಳೆ. ಬರದ ವರ್ಷ ಏನು ತಿಂದರು, ಯಾರ ಹೊಲದಲ್ಲಿ ಎಷ್ಟು ಜೋಳಕ್ಕೆ ದುಡಿದರು, ಯಾವ ಬಾವಿಗೆ ಇಳಿಯಗೊಡಲಿಲ್ಲ, ಎಲ್ಲಾ ಅವಳಿಗೆ ನೆನಪದ. ಅವಳು ಹೋದರೆ ಒಂದು ದಫ್ತರವೇ ಮಣ್ಣಾಗುತ್ತದೆ. ನಾವು ನೋಟ್‌ಬುಕ್ಕು ತಗೊಂಡು ಹೊರಟಿದ್ದೇವೆ. ನೀವೂ ನಿಮ್ಮ ನಿಮ್ಮ ಓಣಿಗೆ ಹೋಗಿರಿ. ಕುರ್ಚಿ ಕೇಳಬ್ಯಾಡ್ರಿ, ನೆಲಕ್ಕೆ ಕೂಡ್ರಿ.