ಐನ್‌ಮನೆ ಮತ್ತು ಲೈನ್‌ಮನೆ

ಕೊಡಗಿನ ಮನೆ ಅಂದಕೂಡಲೆ ನಮ್ಮ ಪುಸ್ತಕಗಳಿಗೆ ನೆನಪಾಗುವುದು ಐನ್‌ಮನೆ. ಅದರ ಕಂಬ, ಅದರ ಕೆತ್ತನೆ, ಅದರ ಕುಲದ ಹೆಸರು. ತೋಟದೊಳಗಿನ ಲೈನ್‌ಮನೆಗೆ ಮಾತ್ರ ಹೆಸರೂ ಇಲ್ಲ, ಚರಿತ್ರೆಯೂ ಇಲ್ಲ. ಒಂದೇ ಮಾಡಿನ ಕೆಳಗೆ ಸಾಲು ಕೋಣೆಗಳು. ಒಬ್ಬರ ಗೋಡೆಯೇ ಇನ್ನೊಬ್ಬರ ಗೋಡೆ. ಬಿಟ್ಟಂಗಾಲದ ಕಡೆಯ ಒಂದು ಲೈನಿನಲ್ಲಿ "ಮನೆ ಚೆನ್ನಾಗಿದೆಯಾ ಅಜ್ಜಿ?" ಅಂತ ಕೇಳಿದೆ. "ಚೆಂದ ಹೇಳಕ್ಕೆ ಮನೆ ನಂದಾ ಮೇಷ್ಟ್ರೇ?" ಅಂದರು.

ಆ ಮಾತಿನ ಹಿಂದೆ ಇರುವುದೇ ಚರಿತ್ರೆ. ಹಳೆಯ ಕೊಡಗಿನಲ್ಲಿ ಹೊಲೆಯರು, ಯರವರು ಜಮ್ಮದ ಆಳುಗಳು. ಭೂಮಿ ಕೈ ಬದಲಾಯಿಸಿದರೆ ಅದರ ಜೊತೆ ಆಳೂ ಕೈ ಬದಲಾಯಿಸಬೇಕಿತ್ತು. 1834ರಲ್ಲಿ ಬ್ರಿಟಿಷರು ಬಂದರು. 1850ರ ದಶಕದಲ್ಲಿ ಬಿಳಿಯರ ಕಾಫಿ ತೋಟಗಳೆದ್ದವು. ಜೀತ ಕಾನೂನಿನಲ್ಲಿ ಹೋದರೂ ಸಾಲದ ಮುಂಗಡ ಉಳಿಯಿತು. ಆಳನ್ನು ಕಟ್ಟಿಹಾಕುವ ಕೆಲಸವನ್ನು ಮನೆಯೂ ಹಂಚಿಕೊಂಡಿತು.

1951ರ ತೋಟ ಕಾರ್ಮಿಕರ ಕಾಯ್ದೆ, ಕಾರ್ಮಿಕರಿಗೆ ಮನೆ ಕೊಡುವುದು ಮಾಲೀಕನ ಹೊಣೆ ಎಂದಿತು. ದೊಡ್ಡ ಗೆಲುವೇ. ಆದರೆ ಮನೆ ಸಿಕ್ಕಿದ್ದು ಮನುಷ್ಯನಿಗಲ್ಲ, ಕೆಲಸಕ್ಕೆ. ಕೆಲಸ ಹೋದರೆ ಮಾಡೂ ಹೋಯಿತು. ಮೊದಲಿಗೆ 25 ಎಕರೆ, 30 ಆಳುಗಳ ಮಿತಿ. 1981ರ ತಿದ್ದುಪಡಿಯ ನಂತರ 5 ಹೆಕ್ಟೇರ್, 15 ಆಳು. ಅದಕ್ಕಿಂತ ಸಣ್ಣ ತೋಟಗಳ ಆಳುಗಳು ಕಾಯ್ದೆಯ ಹೊರಗೇ ಉಳಿದರು. 1976ರಲ್ಲಿ ಜೀತ ರದ್ದತಿ ಕಾಯ್ದೆ ಬಂತು. ಜೀತ ಬಿಟ್ಟವರು ಹೋಗುವುದೆಲ್ಲಿಗೆ ಎಂಬ ಪ್ರಶ್ನೆ ಹಾಗೇ ಉಳಿಯಿತು.

2016ರ ಡಿಸೆಂಬರ್ 7ರಂದು ಆ ಪ್ರಶ್ನೆ ಬೀದಿಗೆ ಬಂತು. ಮಾಲ್ದಾರೆ ಹತ್ತಿರದ ದಿಡ್ಡಳ್ಳಿಯಲ್ಲಿ ಆದಿವಾಸಿಗಳ 577 ಗುಡಿಸಲುಗಳನ್ನು ಅರಣ್ಯ ಭೂಮಿಯೆಂದು ಕೆಡವಲಾಯಿತು. ಅವರಲ್ಲಿ ಬಹಳ ಜನ ಲೈನ್‌ಮನೆ ಬಿಟ್ಟು ಬಂದವರು. ತಿಂಗಳುಗಟ್ಟಲೆ ಚಳಿಯಲ್ಲಿ ಹೋರಾಡಿದ ಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ನಿವೇಶನ ಸಿಕ್ಕಿತು. ಆದರೆ ಪರಿಚಿತ ಕಾಡು, ಕೂಲಿ ಎರಡೂ ದೂರವಾದವು.

ನಮ್ಮ ಜನಗಣತಿ ಮನೆಯನ್ನು ಒಳ್ಳೆಯದು, ವಾಸಯೋಗ್ಯ, ಶಿಥಿಲ ಎಂದು ವಿಂಗಡಿಸುತ್ತದೆ. ಗೋಡೆ, ನೆಲ, ಮಾಡು ಎಣಿಸುತ್ತದೆ. 1991ರಲ್ಲಿ ವಿಶ್ವಸಂಸ್ಥೆಯ ಸಮಿತಿಯೊಂದು ಯೋಗ್ಯ ವಸತಿಯ ಲಕ್ಷಣಗಳನ್ನು ಪಟ್ಟಿ ಮಾಡಿದಾಗ ಮೊದಲು ಬರೆದದ್ದು ಗೋಡೆಯನ್ನಲ್ಲ, ಎಬ್ಬಿಸಲಾಗದ ಹಕ್ಕನ್ನು. ದಿಡ್ಡಳ್ಳಿಯವರು ಲೈನಿನ ಸಿಮೆಂಟು ನೆಲ ಬಿಟ್ಟು ಪ್ಲಾಸ್ಟಿಕ್ ಹೊದಿಕೆಯ ಗುಡಿಸಲಿಗೆ ಬಂದದ್ದೇಕೆ ಎಂಬುದು ಗಣತಿಗೆ ತಿಳಿಯದು. ಅಜ್ಜಿಗೆ ತಿಳಿದಿದೆ.

ದಲಿತ ವಿಮರ್ಶೆ ಕೃತಿಗಳನ್ನಷ್ಟೇ ಓದಿದರೆ ಸಾಲದು, ಮನೆಗಳನ್ನೂ ಓದಬೇಕು. ಹೋಗು ಅನ್ನಿಸಿಕೊಳ್ಳುವ ಭಯದಲ್ಲಿರುವವರನ್ನು ತೃಪ್ತಿಯೇ ಎಂದು ಕೇಳುವುದಕ್ಕೆ ಮುಂಚೆ, ಹಕ್ಕುಪತ್ರ ಯಾರ ಹೆಸರಲ್ಲಿದೆ ಎಂದು ಕೇಳಬೇಕು.