ಹತ್ತು ವರ್ಷದ ಕರಾರು

1933ರಲ್ಲಿ ಥಾಣೆಯ ನ್ಯಾಯಾಲಯ ಒಂದು ಮೇಲ್ಮನವಿಯನ್ನು ವಜಾ ಮಾಡಿತು. ತೀರ್ಪು ಕೊಟ್ಟವರು ಅಲ್ಲಿನ ಎರಡನೆಯ ಅಸಿಸ್ಟೆಂಟ್ ಜಡ್ಜ್ ಎಸ್. ಎಂ. ಕೈಕಿಣಿ. ಆ ಅಡ್ಡಹೆಸರು ಕೇಳಿದರೆ ಕನ್ನಡಿಗರಿಗೆ ಉತ್ತರ ಕನ್ನಡದ ಕರಾವಳಿ ನೆನಪಾಗುತ್ತದೆ. ಮೇಲ್ಮನವಿ ಬಂದದ್ದು ಕೊಲಾಬಾ ಜಿಲ್ಲೆಯ ಮಹಾಡ್ ಊರಿನಿಂದ. ಅಲ್ಲಿನ ಚವದಾರ್ ಕೆರೆ ಸವರ್ಣರಿಗೆ ಮಾತ್ರ ಸೇರಿದ್ದು, ಅಸ್ಪೃಶ್ಯರು ಅದರ ನೀರು ಮುಟ್ಟದಂತೆ ಕೋರ್ಟು ತಡೆಯಬೇಕು ಎಂಬುದು ದಾವೆ ಹೂಡಿದವರ ಬೇಡಿಕೆ. ಮೊದಲನೆಯ ಪ್ರತಿವಾದಿಯ ಹೆಸರು ಭೀಮರಾವ್ ರಾಮಜಿ ಅಂಬೇಡ್ಕರ್. ಮುಂಬಯಿ ಹೈಕೋರ್ಟಿನ ಬ್ಯಾರಿಸ್ಟರ್.

ಮಹಾಡಿನ ಸತ್ಯಾಗ್ರಹದ ಕತೆ ಎಲ್ಲರಿಗೂ ಗೊತ್ತು. ಅದರ ಹಿಂದೆ ಇನ್ನೊಂದು ಲೆಕ್ಕವಿದೆ. ಬಡ ಮನೆಯ ಹುಡುಗನೊಬ್ಬ ಬ್ಯಾರಿಸ್ಟರ್ ಆಗಲು ಬೇಕಾದ ಹಣ ಎಲ್ಲಿಂದ ಬಂತು, ಅದಕ್ಕೆ ಪ್ರತಿಯಾಗಿ ಅವನಿಂದ ಏನು ಕೇಳಲಾಯಿತು, ಕೊನೆಗೆ ಅವನು ಯಾರ ಸೇವೆ ಮಾಡಿದ ಎಂಬ ಲೆಕ್ಕ ಅದು. ಥಾಣೆ, ಕಲ್ಯಾಣ್, ಬೇಲಾಪುರದ ನ್ಯಾಯಾಲಯಗಳಲ್ಲಿ ಇವತ್ತು ಕರಿ ಕೋಟು ಹಾಕಿ ನಿಲ್ಲುವ ಕಿರಿಯ ವಕೀಲರಿಗೂ ಅದೇ ಲೆಕ್ಕ ಎದುರಾಗುತ್ತದೆ.

1913ರ ಜೂನ್ 4ರಂದು ಅಂಬೇಡ್ಕರ್ ಬರೋಡ ಸಂಸ್ಥಾನದೊಂದಿಗೆ ಒಂದು ಕರಾರಿಗೆ ಸಹಿ ಹಾಕಿದರು. ಮಹಾರಾಜ ಸಯಾಜಿರಾವ್ ಗಾಯಕವಾಡರು ಅಮೆರಿಕದ ಓದಿಗೆ ಮೂರು ವರ್ಷ, ತಿಂಗಳಿಗೆ ಹನ್ನೊಂದೂವರೆ ಪೌಂಡ್ ಕೊಡಲು ಒಪ್ಪಿದ್ದರು. ಹೇಳಿದ ವಿಷಯವನ್ನೇ ಓದಬೇಕು, ಓದು ಮುಗಿದ ಮೇಲೆ ಹತ್ತು ವರ್ಷ ಬರೋಡದಲ್ಲಿ ನೌಕರಿ ಮಾಡಬೇಕು ಎಂಬುದು ಷರತ್ತು. ದಾನವೂ ಅಲ್ಲ, ಪೂರಾ ಸಾಲವೂ ಅಲ್ಲ. ಸೇವೆಯಿಂದ ತೀರಿಸಬೇಕಾದ ಋಣ.

ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದರು. 1916ರಲ್ಲಿ ಲಂಡನ್ನಿಗೆ ಹೋಗಿ ಅರ್ಥಶಾಸ್ತ್ರಕ್ಕೂ, ಗ್ರೇಸ್ ಇನ್‌ನಲ್ಲಿ ಬ್ಯಾರಿಸ್ಟರ್ ಪದವಿಗೂ ಹೆಸರು ಹಚ್ಚಿದರು. ವಿದ್ಯಾರ್ಥಿವೇತನದ ಅವಧಿ ತೀರಿತು. 1917ರ ಆಗಸ್ಟಿನಲ್ಲಿ ಓದನ್ನು ಅರ್ಧಕ್ಕೆ ಬಿಟ್ಟು ಮುಂಬಯಿಗೆ ಮರಳಿದರು. ಬೇರೆ ಹಡಗಿನಲ್ಲಿ ಕಳಿಸಿದ್ದ ಅವರ ಪುಸ್ತಕಗಳು ಯುದ್ಧಕಾಲದ ದಾಳಿಯಲ್ಲಿ ಸಮುದ್ರದ ಪಾಲಾಗಿದ್ದವು.

ಕರಾರಿನಂತೆ ಅವರು ಬರೋಡಕ್ಕೆ ಹೋದರು. ಕಚೇರಿಯಲ್ಲಿ ಕೈಕೆಳಗಿನವರು ಕಡತಗಳನ್ನು ದೂರದಿಂದ ಎಸೆಯುತ್ತಿದ್ದರು. ಉಳಿಯಲು ಯಾರೂ ಮನೆ ಕೊಡಲಿಲ್ಲ. ಹೆಸರು ಮರೆಸಿಕೊಂಡು ಒಂದು ಪಾರ್ಸಿ ಛತ್ರದಲ್ಲಿದ್ದರು. ಹನ್ನೊಂದನೆಯ ದಿನ ಕೋಲು ಹಿಡಿದ ಗುಂಪೊಂದು ಬಂದು ಅಲ್ಲಿಂದ ಹೊರಹಾಕಿತು. ಸಂಜೆಯ ರೈಲಿಗೆ ಕಾಯುತ್ತ ಊರಿನ ಉದ್ಯಾನದಲ್ಲಿ ಗಂಟೆಗಟ್ಟಲೆ ಕುಳಿತದ್ದನ್ನು ಅವರೇ ಮುಂದೆ ಬರೆದಿದ್ದಾರೆ. ಹತ್ತು ವರ್ಷದ ಕರಾರು ಕೆಲವೇ ದಿನಗಳಲ್ಲಿ ಮುರಿಯಿತು. ಸೇವೆ ಮಾಡಲು ಸಿದ್ಧನಿದ್ದವನಿಗೆ ಆ ಊರಿನಲ್ಲಿ ತಲೆಯ ಮೇಲೆ ಸೂರು ಸಿಗಲಿಲ್ಲ. ಕರಾರು ಬರೆದವರು ಅದನ್ನು ಎಣಿಸಿರಲಿಲ್ಲ.

ಅರ್ಧಕ್ಕೆ ನಿಂತ ಓದನ್ನು ಮುಗಿಸಲು ಅವರು ಮೂರು ಕಡೆಯಿಂದ ಹಣ ಹೊಂದಿಸಿದರು. 1918ರ ನವೆಂಬರಿನಿಂದ ಸಿಡೆನಹ್ಯಾಮ್ ಕಾಲೇಜಿನಲ್ಲಿ ಪಾಠ ಹೇಳಿ ಸಂಬಳದಲ್ಲಿ ಉಳಿಸಿದರು. ಕೊಲ್ಹಾಪುರದ ಶಾಹು ಮಹಾರಾಜರು ನೆರವಾದರು. ಗೆಳೆಯ ನವಲ್ ಭಾಥೇನಾ ಐದು ಸಾವಿರ ರೂಪಾಯಿ ಸಾಲ ಕೊಟ್ಟರು. 1920ರ ಜುಲೈನಲ್ಲಿ ಲಂಡನ್ನಿಗೆ ಹೊರಟು, 1922ರಲ್ಲಿ ಬ್ಯಾರಿಸ್ಟರ್ ಆಗಿ, 1923ರಲ್ಲಿ ಮರಳಿದರು. ಹೈಕೋರ್ಟಿನ ಸನ್ನದು ಪಡೆಯುವ ಖರ್ಚಿಗೂ ಕೈಯಲ್ಲಿ ಹಣವಿರಲಿಲ್ಲ. ಆಗಲೂ ಭಾಥೇನಾ ಅವರೇ ನೆರವಾದರು.

ಸನ್ನದು ಸಿಕ್ಕಿದ ಮಾತ್ರಕ್ಕೆ ಕೇಸು ಬರುವುದಿಲ್ಲ. ಆಗಿನ ಹೈಕೋರ್ಟಿನಲ್ಲಿ ಕೆಲಸ ಸಿಗುತ್ತಿದ್ದದ್ದು ಸಾಲಿಸಿಟರುಗಳ ಕೈಯಿಂದ. ಅಸ್ಪೃಶ್ಯ ಬ್ಯಾರಿಸ್ಟರಿಗೆ ಅವರ ಬಾಗಿಲು ಸುಲಭವಾಗಿ ತೆರೆಯುತ್ತಿರಲಿಲ್ಲ. 1925ರಿಂದ 1928ರವರೆಗೆ ಬಾಟ್ಲಿಬಾಯ್ ಅಕೌಂಟೆನ್ಸಿ ಸಂಸ್ಥೆಯಲ್ಲಿ ವಾಣಿಜ್ಯ ಕಾನೂನು ಕಲಿಸಿ, ಆಮೇಲೆ ಸರ್ಕಾರಿ ಲಾ ಕಾಲೇಜಿನಲ್ಲಿ ಪಾಠ ಹೇಳಿ ಅವರು ಮನೆ ನಡೆಸಿದರು. ಪಾಠದ ಸಂಬಳ ಇದ್ದದ್ದರಿಂದ ಪರೇಲಿನ ಕಚೇರಿಗೆ ಬರುವ ಗಿರಣಿ ಕಾರ್ಮಿಕರ, ದಲಿತರ ಕೆಲಸವನ್ನು ನೋಡಲು ಸಾಧ್ಯವಾಯಿತು.

ಅಷ್ಟರಲ್ಲಿ ಮಹಾಡಿನ ಕೇಸು ಬಂತು. ಸಾರ್ವಜನಿಕ ಕೆರೆ, ಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂದು ಎಸ್. ಕೆ. ಬೋಲೆ ಅವರ ನಿರ್ಣಯವನ್ನು ಮುಂಬಯಿ ಶಾಸನ ಪರಿಷತ್ತು 1923ರಲ್ಲಿ ಒಪ್ಪಿತ್ತು. ಮಹಾಡ್ ಪುರಸಭೆಯೂ 1924ರಲ್ಲಿ ಅದನ್ನು ಅಂಗೀಕರಿಸಿತ್ತು. 1927ರ ಮಾರ್ಚ್ 20ರಂದು ಅಂಬೇಡ್ಕರ್ ಮತ್ತು ಸಾವಿರಾರು ಜನ ಚವದಾರ್ ಕೆರೆಯ ನೀರು ಕುಡಿದರು. ಡಿಸೆಂಬರಿನಲ್ಲಿ ಎರಡನೆಯ ಸತ್ಯಾಗ್ರಹಕ್ಕೆ ಸಿದ್ಧತೆ ನಡೆದಾಗ ಸವರ್ಣರು ಮಹಾಡಿನ ಕೋರ್ಟಿಗೆ ಹೋಗಿ ತಾತ್ಕಾಲಿಕ ತಡೆಯಾಜ್ಞೆ ತಂದರು. ಸೇರಿದ ಜನ ಅದಕ್ಕೆ ತಲೆಬಾಗಿ, ನೀರು ಮುಟ್ಟದೆ, ಕೆರೆಯ ಸುತ್ತ ಮೆರವಣಿಗೆ ನಡೆಸಿ ಮರಳಿದರು. ಬೀದಿಯ ಹೋರಾಟ ಅಲ್ಲಿಗೆ ನಿಂತು ಕೋರ್ಟಿನ ಹೋರಾಟ ಶುರುವಾಯಿತು.

ತಡೆಯಾಜ್ಞೆ 1928ರಲ್ಲಿ ತೆರವಾಯಿತು. ಮಹಾಡಿನ ಅಧೀನ ನ್ಯಾಯಾಧೀಶ ವಿ. ಆರ್. ಸರಾಫ್ 1931ರಲ್ಲಿ ದಾವೆಯನ್ನು ವಜಾ ಮಾಡಿದರು. ಸೋತವರು ಥಾಣೆಗೆ ಬಂದರು. ಅಲ್ಲಿ ಕೈಕಿಣಿ ಅದೇ ತೀರ್ಪನ್ನು ಎತ್ತಿಹಿಡಿದರು. ಅವರು ಹೈಕೋರ್ಟಿಗೆ ಹೋದರು. 1937ರ ಮಾರ್ಚ್ 17ರಂದು ನ್ಯಾಯಮೂರ್ತಿ ಬ್ರೂಮ್‌ಫೀಲ್ಡ್ ಮತ್ತು ನ್ಯಾಯಮೂರ್ತಿ ವಾಡಿಯಾ ಕೊನೆಯ ತೀರ್ಪು ಕೊಟ್ಟರು. ಅಸ್ಪೃಶ್ಯರನ್ನು ಹೊರಗಿಡುವುದು ಅನಾದಿ ಕಾಲದ ರೂಢಿ ಎಂಬುದನ್ನು ದಾವೆದಾರರು ಸಾಬೀತು ಮಾಡಿಲ್ಲ, ಮೇಲ್ಮನವಿ ವಜಾ.

1927ರ ಡಿಸೆಂಬರಿನಿಂದ 1937ರ ಮಾರ್ಚಿನವರೆಗೆ ಒಂಬತ್ತು ವರ್ಷ ಮೂರು ತಿಂಗಳು. ಬರೋಡ ಕೇಳಿದ್ದ ಹತ್ತು ವರ್ಷಕ್ಕೆ ಹತ್ತಿರವೇ. ಈ ಕಾಲದ ಸೇವೆಯನ್ನು ಯಾವ ಕರಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಬರೋಡದ ಕರಾರು ಎಣಿಸುತ್ತಿದ್ದದ್ದು ಬರೋಡದ ಕಚೇರಿಯಲ್ಲಿ ಕಳೆದ ದಿನಗಳನ್ನು ಮಾತ್ರ. ಓದಿಗೆ ನೆರವು ಕೊಟ್ಟು ಸೇವೆ ಕೇಳುವ ಯಾವ ಯೋಜನೆಗೂ ಇದೇ ಮೊದಲ ತೊಡಕು: ಸೇವೆ ಎಂದರೆ ಯಾರ ಸೇವೆ, ಅದನ್ನು ಎಣಿಸುವುದು ಹೇಗೆ?

ಸ್ವಾತಂತ್ರ್ಯದ ನಂತರ ಈ ಪ್ರಶ್ನೆಯ ಅರ್ಧಕ್ಕೆ ಮಾತ್ರ ಉತ್ತರ ಹುಡುಕಲಾಯಿತು. ಬಡವನಿಗೆ ವಕೀಲ ಸಿಗಬೇಕು ಎಂಬ ಅರ್ಧ. 1949ರಲ್ಲಿ ಮುಂಬಯಿ ಸರ್ಕಾರ ನ್ಯಾಯಮೂರ್ತಿ ಎನ್. ಎಚ್. ಭಗವತಿ ಅವರ ಅಧ್ಯಕ್ಷತೆಯಲ್ಲಿ ಕಾನೂನು ನೆರವಿನ ಬಗ್ಗೆ ಸಮಿತಿ ರಚಿಸಿತು. 1973ರಲ್ಲಿ ಕೃಷ್ಣ ಅಯ್ಯರ್ ಸಮಿತಿ ವರದಿ ಕೊಟ್ಟಿತು. 1976ರ 42ನೆಯ ತಿದ್ದುಪಡಿ ಸಂವಿಧಾನಕ್ಕೆ 39ಎ ವಿಧಿಯನ್ನು ಸೇರಿಸಿ, ಉಚಿತ ಕಾನೂನು ನೆರವನ್ನು ಸರ್ಕಾರದ ಹೊಣೆ ಎಂದಿತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1995ರ ನವೆಂಬರ್ 9ರಂದು ಜಾರಿಗೆ ಬಂತು. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು ವರಮಾನದ ಮಿತಿಯಿಲ್ಲದೆ ಉಚಿತ ವಕೀಲರನ್ನು ಕೇಳಬಹುದು.

ಥಾಣೆಯ ಸುತ್ತ ಅಂಥವರಿಗೆ ಬರವಿಲ್ಲ. ಥಾಣೆಯಲ್ಲಿ, ಕಲ್ಯಾಣದ ಆಧಾರವಾಡಿಯಲ್ಲಿ, ನವಿಮುಂಬಯಿಯ ತಳೋಜದಲ್ಲಿ ಜೈಲುಗಳಿವೆ. ಡೊಂಬಿವಲಿಯ ಕೈಗಾರಿಕಾ ಪ್ರದೇಶದ ಕಾರ್ಮಿಕರೂ ಬಾಡಿಗೆ ಮನೆಯ ಹೆಂಗಸರೂ ನ್ಯಾಯ ಕೇಳಿಕೊಂಡು ಕಲ್ಯಾಣಕ್ಕೆ ಹೋಗುತ್ತಾರೆ. ನವಿಮುಂಬಯಿ ನಗರವೇ ಭೂಸ್ವಾಧೀನದಿಂದ ಹುಟ್ಟಿದ್ದು. 1970ರಲ್ಲಿ ಸಿಡ್ಕೊ ಸ್ಥಾಪನೆಯಾಗಿ, 95 ಹಳ್ಳಿಗಳ ನೆಲ ಹೊಸ ನಗರಕ್ಕೆ ಹೋಯಿತು. ಸಿಕ್ಕಿದ ಪರಿಹಾರ ಕಡಿಮೆ ಎನ್ನುವ ರೈತ ಭೂಸ್ವಾಧೀನ ಕಾಯ್ದೆಯಡಿ ಕೋರ್ಟಿಗೆ ಹೋಗಬೇಕಿತ್ತು. ಅದಕ್ಕೆ ವಕೀಲ ಬೇಕಿತ್ತು. ಈ ರೈತರ ನಾಯಕ ದಿ. ಬಾ. ಪಾಟೀಲ್ ಸ್ವತಃ ಕಾನೂನು ಓದಿದವರು. 1984ರ ಜನವರಿಯ ಹೋರಾಟದಲ್ಲಿ ಪೊಲೀಸರ ಗುಂಡಿಗೆ ಐದು ಜನ ಸತ್ತರು. ಮುಂದೆ ಅಭಿವೃದ್ಧಿಪಡಿಸಿದ ಜಾಗದಲ್ಲಿ ಶೇಕಡಾ 12.5 ಭಾಗವನ್ನು ನೆಲ ಕಳೆದುಕೊಂಡವರಿಗೆ ಕೊಡುವ ಯೋಜನೆ ಬಂತು.

ಉಳಿದ ಅರ್ಧ ಪ್ರಶ್ನೆ ವಕೀಲನದು. ಬಡವರ ಕೇಸು ಹಿಡಿಯುವವನು ತನ್ನ ಓದಿನ ಸಾಲ ತೀರಿಸುವುದು ಹೇಗೆ? ಒಂದು ಕಾಲಕ್ಕೆ ಈ ಪ್ರಶ್ನೆ ಇಷ್ಟು ಭಾರವಾಗಿರಲಿಲ್ಲ. ಹಗಲು ಹೋಟೆಲಿನಲ್ಲೋ ಕಚೇರಿಯಲ್ಲೋ ದುಡಿದು, ರಾತ್ರಿಶಾಲೆಯಲ್ಲಿ ಮೆಟ್ರಿಕ್ ಮುಗಿಸಿ, ಕಡಿಮೆ ಫೀಸಿನ ಲಾ ಕಾಲೇಜಿನಲ್ಲಿ ಓದಿ ವಕೀಲರಾದವರು ಮುಂಬಯಿಯ ಕನ್ನಡಿಗರಲ್ಲಿ ಇದ್ದಾರೆ. ಸಮುದಾಯದ ಸಂಘಗಳು ಪುಸ್ತಕಕ್ಕೂ ಫೀಸಿಗೂ ಕೈಲಾದಷ್ಟು ಕೊಡುತ್ತಿದ್ದವು.

1980ರ ದಶಕದ ಕೊನೆಗೆ ಬೆಂಗಳೂರಿನಲ್ಲಿ ಎನ್. ಆರ್. ಮಾಧವ ಮೆನನ್ ಅವರ ನೇತೃತ್ವದಲ್ಲಿ ರಾಷ್ಟ್ರೀಯ ಕಾನೂನು ಶಾಲೆ ಶುರುವಾಯಿತು. ಸಮಾಜಕ್ಕೆ ದುಡಿಯುವ ವಕೀಲರನ್ನು ತಯಾರಿಸುವುದು ಅದರ ಆಶಯವಾಗಿತ್ತು. ಆ ಮಾದರಿ ದೇಶದ ತುಂಬ ಹರಡಿತು. ಅದರೊಂದಿಗೆ ಫೀಸೂ ಏರಿತು. ಇಂಥ ಶಾಲೆಗಳಲ್ಲಿ ಐದು ವರ್ಷದ ಓದಿನ ಖರ್ಚನ್ನು ಈಗ ಲಕ್ಷಗಳಲ್ಲಿ ಎಣಿಸಬೇಕು. 2001ರಲ್ಲಿ ಬ್ಯಾಂಕುಗಳ ಸಂಘ ಮಾದರಿ ಶೈಕ್ಷಣಿಕ ಸಾಲ ಯೋಜನೆಯನ್ನು ರೂಪಿಸಿದ ಮೇಲೆ ಸಾಲ ಸಿಗುವುದು ಸುಲಭವಾಯಿತು. 2009ರಲ್ಲಿ ಕೇಂದ್ರ ಸರ್ಕಾರ ವರ್ಷಕ್ಕೆ ನಾಲ್ಕೂವರೆ ಲಕ್ಷದೊಳಗಿನ ವರಮಾನದ ಮನೆಯ ಮಕ್ಕಳಿಗೆ ಓದಿನ ಕಾಲದ ಬಡ್ಡಿಯನ್ನು ತಾನೇ ಕಟ್ಟುವ ಯೋಜನೆ ತಂದಿತು. ಕಟ್ಟಿದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿಯೂ ಇದೆ. ಆದರೆ ಓದು ಮುಗಿದು ಒಂದು ವರ್ಷವಾದ ಮೇಲೆ ಕಂತು ಶುರು. ದೊಡ್ಡ ಕಂಪನಿ ಸೇರಿದವನಿಗೂ ಕಲ್ಯಾಣದ ಕೋರ್ಟಿನಲ್ಲಿ ಜಾಮೀನು ಅರ್ಜಿ ಬರೆಯುವವಳಿಗೂ ಕಂತು ಒಂದೇ.

ಹತ್ತು ಲಕ್ಷ ಸಾಲ, ಶೇಕಡಾ 10 ಬಡ್ಡಿ, ಹತ್ತು ವರ್ಷದ ಅವಧಿ ಎಂದಿಟ್ಟುಕೊಂಡರೆ ತಿಂಗಳ ಕಂತು ಸುಮಾರು 13,200 ರೂಪಾಯಿ. 2024ರ ಅಕ್ಟೋಬರಿನಲ್ಲಿ ಭಾರತೀಯ ವಕೀಲರ ಪರಿಷತ್ತು ಕಿರಿಯ ವಕೀಲರಿಗೆ ನಗರದಲ್ಲಿ ತಿಂಗಳಿಗೆ ಕನಿಷ್ಠ 20,000, ಹಳ್ಳಿಗಾಡಿನಲ್ಲಿ 15,000 ಕೊಡಿ ಎಂದು ಹಿರಿಯರಿಗೆ ಶಿಫಾರಸು ಮಾಡಿತು. ಅದು ಆದೇಶವಲ್ಲ. ಅಷ್ಟು ಸಿಕ್ಕಿದರೂ ಕಂತು ಕಳೆದು ಉಳಿಯುವುದು ನಗರದಲ್ಲಿ 6,800 ರೂಪಾಯಿ. ಡೊಂಬಿವಲಿಯಲ್ಲಿ ಅದರಲ್ಲಿ ಬಾಡಿಗೆ ಕಟ್ಟಿ ಬದುಕುವುದು ಹೇಗೆ? ಮನೆಯಲ್ಲಿ ಅನುಕೂಲವಿದ್ದವರು ಮಾತ್ರ ಬಡವರ ವಕೀಲರಾಗಿ ಉಳಿಯಬಲ್ಲರು ಎಂಬಂತಾಗುತ್ತದೆ. ಬಡತನದಿಂದಲೇ ಬಂದು, ಕಕ್ಷಿದಾರರ ಭಾಷೆ, ಬದುಕು ಬಲ್ಲವರು ಮೊದಲು ಬಿಟ್ಟುಹೋಗುತ್ತಾರೆ.

ಅಮೆರಿಕ ಇದಕ್ಕೆ ಒಂದು ದಾರಿ ಹುಡುಕಿತು. ಹಾರ್ವರ್ಡ್ ಲಾ ಸ್ಕೂಲ್ 1978ರಲ್ಲಿಯೇ ಕಡಿಮೆ ಸಂಬಳದ ಕೆಲಸ ಆರಿಸಿಕೊಂಡ ತನ್ನ ಪದವೀಧರರ ಸಾಲದ ಕಂತಿಗೆ ನೆರವು ಕೊಡತೊಡಗಿತು. 2007ರ ಕಾನೂನಿನಂತೆ, ಸರ್ಕಾರದಲ್ಲೋ ಲಾಭದ ಉದ್ದೇಶವಿಲ್ಲದ ಸಂಸ್ಥೆಯಲ್ಲೋ ಕೆಲಸ ಮಾಡುತ್ತ ವರಮಾನಕ್ಕೆ ತಕ್ಕ 120 ಕಂತು, ಅಂದರೆ ಹತ್ತು ವರ್ಷದ ಕಂತು ಕಟ್ಟಿದವರಿಗೆ ಉಳಿದ ಸಾಲ ಮಾಫಿ. ಮೊದಲ ತಂಡದ ಹತ್ತು ವರ್ಷ ತುಂಬಿದ್ದು 2017ರಲ್ಲಿ. ಸಾಲದ ಬಗೆ ಸರಿಯಿಲ್ಲ, ಕಂತಿನ ಬಗೆ ಸರಿಯಿಲ್ಲ ಎಂದು ಬಹುಪಾಲು ಅರ್ಜಿಗಳು ಆಗ ತಿರಸ್ಕೃತವಾದವು. ನಿಯಮ ಸಡಿಲಿಸಿದ ಮೇಲೆ, 2024ರ ಹೊತ್ತಿಗೆ ಹತ್ತು ಲಕ್ಷಕ್ಕೂ ಹೆಚ್ಚು ಜನರ ಸಾಲ ಮಾಫಿಯಾಯಿತು. ಇಲ್ಲಿಯೂ ಎಣಿಕೆ ನಡೆಯುವುದು ಸಂಬಳ ಕೊಡುವವರು ಯಾರು ಎಂಬುದರ ಮೇಲೆ. ಸ್ವಂತ ಕಚೇರಿ ಇಟ್ಟುಕೊಂಡು ಬಡವರ ಕೇಸು ನಡೆಸುವ ವಕೀಲ ಈ ಲೆಕ್ಕದ ಹೊರಗೆ. ಪರೇಲಿನ ಬ್ಯಾರಿಸ್ಟರಿಗೆ ಈ ಯೋಜನೆಯಲ್ಲೂ ಜಾಗವಿರುತ್ತಿರಲಿಲ್ಲ.

ಭಾರತದಲ್ಲಿ ಕಾನೂನು ನೆರವಿನ ಬಹುಪಾಲು ಕೆಲಸ ಮಾಡುತ್ತ ಬಂದಿರುವವರು ಅಂಥ ವಕೀಲರೇ. ಪ್ರಾಧಿಕಾರದ ಪಟ್ಟಿಯಲ್ಲಿ ಹೆಸರಿದ್ದು, ಕೇಸಿಗೆ ಇಷ್ಟೆಂದು ಗೌರವಧನ ಪಡೆಯುವವರು. 2022ರಲ್ಲಿ ರಾಷ್ಟ್ರೀಯ ಪ್ರಾಧಿಕಾರ ಕ್ರಿಮಿನಲ್ ಕೇಸುಗಳಿಗೆ ಜಿಲ್ಲೆಗಳಲ್ಲಿ ಪೂರ್ಣಾವಧಿ ವಕೀಲರನ್ನು ನೇಮಿಸುವ ವ್ಯವಸ್ಥೆ ತಂದಿತು. ಅವರು ಖಾಸಗಿ ಕೇಸು ಹಿಡಿಯುವಂತಿಲ್ಲ, ನೇಮಕ ಗುತ್ತಿಗೆಯದು. ಕರ್ನಾಟಕದಲ್ಲಿ ಸಮಾಜ ಕಲ್ಯಾಣ ಇಲಾಖೆ ಪರಿಶಿಷ್ಟ ಜಾತಿಯ ಕಾನೂನು ಪದವೀಧರರಿಗೆ ತರಬೇತಿಯ ಕಾಲದಲ್ಲಿ ಶಿಷ್ಯವೇತನ ಕೊಡುತ್ತದೆ. ಈ ಎರಡರಲ್ಲಿ ಯಾವುದೂ ಬ್ಯಾಂಕಿನ ಕಂತನ್ನು ಮುಟ್ಟುವುದಿಲ್ಲ.

ಎಣಿಸಲು ಬೇಕಾದ ದಾಖಲೆ ಮಾತ್ರ ನಮ್ಮಲ್ಲಿ ಆಗಲೇ ಇದೆ. ಯಾವ ವಕೀಲರಿಗೆ ಯಾವ ಕೇಸು ಒಪ್ಪಿಸಲಾಯಿತು ಎಂಬುದು ಕಾನೂನು ಸೇವೆಗಳ ಪ್ರಾಧಿಕಾರದ ಕಡತದಲ್ಲಿರುತ್ತದೆ. ಅವರು ಎಷ್ಟು ಬಾರಿ ಹಾಜರಾದರು ಎಂಬುದು ಕೋರ್ಟಿನ ರೋಜನಾಮೆಯಲ್ಲಿರುತ್ತದೆ. ಸಂಬಳ ಕೊಡುವವರು ಯಾರೆಂದು ನೋಡದೆ ಮಾಡಿದ ಕೆಲಸವನ್ನು ನೋಡಿದರೆ, ಇಷ್ಟು ಕೇಸಿಗೆ ಇಷ್ಟು ಕಂತು ಎಂದು ಲೆಕ್ಕ ಹಾಕುವುದು ಕಷ್ಟವಲ್ಲ. ಥಾಣೆಯಲ್ಲಿ ಕೈಕಿಣಿಯವರು ವಜಾ ಮಾಡಿದ ಮೇಲ್ಮನವಿಯೂ ಹಾಗೆ ಒಂದು ನಂಬರಿನಡಿ ದಾಖಲಾಗಿತ್ತು: 1931ರ 32ನೆಯ ಅಪೀಲು. ಬರೋಡದ ಕರಾರಿನಲ್ಲಿ ಅದಕ್ಕೆ ಜಾಗವಿರಲಿಲ್ಲ. ಮಹಾಡಿನ ಜನ ಆ ನೀರು ಕುಡಿದರು.